ದಿನಾ ಜೇಬಿನಲ್ಲಿಡಲು ಒಂದೇ ಚಾಕು: ಒಪಿನೆಲ್ಲಾ, ಪಯೊನೀರಾ, ಡಿ2 ಫ್ಲಿಪ್ಪರಾ?

ಶನಿವಾರದ_ಬಸ್ಸು

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಪಿಯುಸಿ ಮುಗಿದ ವರ್ಷ ಸೋದರಮಾವ ಒಂದು ಕೆಂಪು ಸ್ವಿಸ್ ಚಾಕು ಕೊಟ್ಟಿದ್ದರು. ಹನ್ನೊಂದು ವರ್ಷ ಬಲಗಡೆ ಜೇಬಿನಲ್ಲೇ ಇತ್ತು. ಹೋದ ತಿಂಗಳು ವಿಮಾನ ಹತ್ತುವ ಗಡಿಬಿಡಿಯಲ್ಲಿ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕುವುದು ಮರೆತುಹೋಯಿತು. ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಂಡರು. ಅವರದ್ದೇನೂ ತಪ್ಪಿಲ್ಲ, ನಿಯಮ ಇರುವುದೇ ಹಾಗೆ, ಆದರೆ ಆ ಟ್ರೇಯಲ್ಲಿ ಅದನ್ನು ಬಿಟ್ಟು ಮುಂದೆ ನಡೆಯುವಾಗ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ಈಗಲೂ ಪಾರ್ಸಲ್ ಬಂದರೆ ಕೈ ತಾನಾಗಿ ಆ ಜೇಬಿಗೆ ಹೋಗುತ್ತದೆ.

ಈಗ ಹೊಸದು ತೆಗೆದುಕೊಳ್ಳಬೇಕು. ಹೆಚ್ಚೆಂದರೆ ಐದು ಸಾವಿರ. ಸೋಮವಾರದಿಂದ ಶುಕ್ರವಾರ ಬೆಂಗಳೂರಿನ ಆಫೀಸು, ಶನಿವಾರ ಬೆಳಗಾದರೆ ತೀರ್ಥಹಳ್ಳಿ ಹತ್ತಿರ ಮನೆ, ತೋಟ. ಅಲ್ಲಿನ ಮಳೆಯ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ, ಜೂನ್ ಬಂದರೆ ಕಬೋರ್ಡಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ.

ಮೂರು ಚಾಕು ಮನಸ್ಸಿನಲ್ಲಿದೆ. ಕಾರ್ಬನ್ ಸ್ಟೀಲಿನ ಒಪಿನೆಲ್ ನಂಬರ್ 8, ಮರದ ಹಿಡಿಯ ಫ್ರೆಂಚ್ ಮಡಚುವ ಚಾಕು. ವಿಕ್ಟೋರಿನಾಕ್ಸ್ ಪಯೊನೀರ್, ಅಂದರೆ ಅಲ್ಯೂಮಿನಿಯಂ ಹಿಡಿಯ ಅಲಾಕ್ಸ್ ಸರಣಿಯದ್ದು. ಮೂರನೆಯದು ಡಿ2 ಸ್ಟೀಲಿನ ಒಂದು ಫ್ಲಿಪ್ಪರ್: ಬೇರಿಂಗ್ ಮೇಲೆ ಓಡುತ್ತದೆ, ಬೆರಳಿನಿಂದ ಒತ್ತಿದರೆ ಟಪ್ಪಂತ ತೆರೆದುಕೊಳ್ಳುತ್ತದೆ, ಲೈನರ್ ಲಾಕ್ ಇದೆ (ತೆರೆದ ಅಲಗು ಮಡಚಿಕೊಳ್ಳದ ಹಾಗೆ ಹಿಡಿಯೊಳಗಿನ ಲೋಹದ ಪಟ್ಟಿ ತಡೆಯುತ್ತದೆ), ಜೇಬಿನ ಕ್ಲಿಪ್ಪೂ ಇದೆ. ನಿಜ ಹೇಳಬೇಕೆಂದರೆ ಮನಸ್ಸು ಮೂರನೆಯದರ ಮೇಲೇ ಇದೆ. ರಾತ್ರಿ ಒಂದು ಗಂಟೆಯವರೆಗೆ ಸ್ಟೀಲಿನ ಪಟ್ಟಿ ನೋಡುತ್ತಾ ಕೂರುತ್ತೇನೆ, ಎಷ್ಟು ಮೀಟರ್ ಹಗ್ಗ ಕೊಯ್ದ ಮೇಲೆ ಮೊಂಡಾಯಿತು ಅಂತ ವಿಡಿಯೋ ನೋಡುತ್ತೇನೆ, ಅದರಲ್ಲಿ ಡಿ2 ಯಾವಾಗಲೂ ಸ್ವಿಸ್ ಸ್ಟೀಲಿಗಿಂತ ಎಷ್ಟೋ ಮುಂದೆ ಇರುತ್ತದೆ.

ಒಂದೇ ಚಾಕು ಅಂದರೆ ನೀವು ಯಾವುದನ್ನು ಆರಿಸುತ್ತೀರಿ? ಯಾಕೆ? ಎರಡು ತಗೊಳ್ಳಿ ಅನ್ನಬೇಡಿ ದಯವಿಟ್ಟು. ಜೇಬಿನಲ್ಲಿ ಒಂದೇ ಇರಬೇಕು.

---

ಮಸೆಗಲ್ಲು_ಶಿವಮೊಗ್ಗ

ಮಾವನ ಚಾಕು ಹೋದದ್ದು ಕೇಳಿ ಬೇಜಾರಾಯಿತು. ಅಂಥದ್ದಕ್ಕೆ ಬದಲಿ ಸಿಗುವುದಿಲ್ಲ.

ನಾನು ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು, ಹಾಗಾಗಿ ಡಿ2 ಬಗ್ಗೆ ಮೊದಲು ಹೇಳುತ್ತೇನೆ. ಅದು ಚಾಕುವಿಗೆ ಅಂತ ಹುಟ್ಟಿದ ಸ್ಟೀಲ್ ಅಲ್ಲ. ನಾವು ಪಂಚ್, ಡೈ ಮಾಡುವುದು ಅದರಲ್ಲಿ. ಸುಮಾರು ಒಂದೂವರೆ ಪರ್ಸೆಂಟ್ ಕಾರ್ಬನ್, ಹನ್ನೆರಡು ಪರ್ಸೆಂಟ್ ಆಸುಪಾಸು ಕ್ರೋಮಿಯಂ. ಅಷ್ಟು ಕ್ರೋಮಿಯಂ ಇದೆಯಲ್ಲ, ತುಕ್ಕು ಹಿಡಿಯಬಾರದು ಅಂತ ಲೆಕ್ಕ ಹಾಕಬೇಡಿ. ಅದರಲ್ಲಿ ಒಳ್ಳೇ ಪಾಲು ಕಾರ್ಬನ್ನಿನ ಜೊತೆ ಸೇರಿ ಗಟ್ಟಿ ಕಾರ್ಬೈಡ್ ಕಣಗಳಾಗಿ ಕೂತುಬಿಡುತ್ತದೆ. ಸವೆತ ತಡೆಯುವುದು ಆ ಕಣಗಳೇ, ವಿಡಿಯೋದಲ್ಲಿ ಹಗ್ಗ ಕೊಯ್ಯುತ್ತಲೇ ಹೋಗುವುದು ಅದಕ್ಕೇ. ಆದರೆ ತುಕ್ಕು ತಡೆಯಲು ಬೇಕಾದ ಕ್ರೋಮಿಯಂ ಅಷ್ಟು ಕಮ್ಮಿಯಾಯಿತು. ತೀರ್ಥಹಳ್ಳಿ ಮಳೆಯಲ್ಲಿ ಒದ್ದೆ ಪ್ಯಾಂಟಿನ ಜೇಬಿನಲ್ಲಿ ಒಂದು ದಿನ ಮರೆತರೆ ಅಲಗಿನ ಮೇಲೆ ಕಂದು ಚುಕ್ಕೆ ಎದ್ದಿರುತ್ತದೆ.

ಇನ್ನೊಂದು, ಸ್ಟೀಲಿನ ಹೆಸರು ಒಂದೇ ಇದ್ದರೂ ಹದ ಒಂದೇ ಇರುವುದಿಲ್ಲ. ಎಷ್ಟು ಡಿಗ್ರಿಗೆ ಕಾಯಿಸಿದರು, ಹೇಗೆ ಆರಿಸಿದರು, ಎಷ್ಟು ಸಲ ಟೆಂಪರ್ ಮಾಡಿದರು, ಅಂದರೆ ಹದಕ್ಕಾಗಿ ಮತ್ತೆ ಕಮ್ಮಿ ಬಿಸಿಯಲ್ಲಿ ಕಾಯಿಸಿದರು, ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಲಗಿನ ಮೇಲೆ ಡಿ2 ಅಂತ ಕೆತ್ತಿದ ಮಾತ್ರಕ್ಕೆ ಒಳಗಿನ ಹದ ಗೊತ್ತಾಗುವುದಿಲ್ಲ.

ಆದರೆ ನನ್ನ ಮುಖ್ಯ ಮಾತು ಸ್ಟೀಲಿನ ಬಗ್ಗೆ ಅಲ್ಲ, ದಪ್ಪದ ಬಗ್ಗೆ. ನೀವು ಹೇಳುವಂಥ ಫ್ಲಿಪ್ಪರುಗಳ ಅಲಗು ಬೆನ್ನಿನ ಹತ್ತಿರ 3 ಮಿಲಿಮೀಟರ್ ಸುತ್ತಮುತ್ತ ಇರುತ್ತದೆ. ಒಪಿನೆಲ್ ನಂಬರ್ 8ರದ್ದು 1.7 ಅಷ್ಟೇ. ಒಂದು ಕಾಯಿಯಂಥ ಪೇರಳೆ ಹಣ್ಣು ತಗೊಳ್ಳಿ. ಒಪಿನೆಲ್ಲಿನಲ್ಲಿ ಕೊಯ್ದರೆ ಅಲಗು ಸದ್ದಿಲ್ಲದೆ ಕೆಳಗಿನ ಬೆರಳವರೆಗೆ ಬರುತ್ತದೆ, ಹೋಳು ಅಲಗಿಗೇ ಅಂಟಿಕೊಂಡಿರುತ್ತದೆ. ದಪ್ಪ ಅಲಗಿನಲ್ಲಿ ಅರ್ಧ ದಾರಿಗೆ ಬಿಗಿಯುತ್ತದೆ, ಇನ್ನೂ ಒತ್ತಿದರೆ ಟಕ್ ಅಂತ ಸೀಳುತ್ತದೆ. ಕೊಯ್ದದ್ದಲ್ಲ ಅದು, ಸೌದೆ ಒಡೆದ ಹಾಗೆ. ಎರಡೂ ಅಷ್ಟೇ ಹರಿತ ಇರಬಹುದು. ಅಂಚಿನ ಹಿಂದೆ ಎಷ್ಟು ಲೋಹ ಬಿಟ್ಟಿದ್ದಾರೆ ಅನ್ನುವುದೇ ವ್ಯತ್ಯಾಸ. ವಿಕ್ಟೋರಿನಾಕ್ಸ್ ಸ್ಟೀಲಿನ ಗಡಸುತನ 56 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಹತ್ತಿರ, ಪಟ್ಟಿಯಲ್ಲಿ ನೋಡಿದರೆ ಸಪ್ಪೆ. ಆದರೆ ಅಲಗು ತೆಳು. ಹಾಗಾಗಿ ಸ್ವಲ್ಪ ಮೊಂಡಾದ ಮೇಲೂ ಕೊಯ್ಯುತ್ತಲೇ ಇರುತ್ತದೆ. ಮಾವನ ಚಾಕುವಿನಲ್ಲಿ ಹನ್ನೊಂದು ವರ್ಷ ನಿಮಗೆ ಏನಾದರೂ ಕೊರತೆ ಅನ್ನಿಸಿತ್ತಾ?

ಈಗಲೇ ಆರ್ಡರ್ ಮಾಡಬೇಡಿ. ಒಂದು ವಾರ ಒಂದು ಚೀಟಿ ಇಟ್ಟುಕೊಳ್ಳಿ. ಕೈ ಜೇಬಿಗೆ ಹೋದಾಗಲೆಲ್ಲ ಏನು ಕೊಯ್ಯಬೇಕಿತ್ತು ಅಂತ ಬರೆಯಿರಿ. ಹಗ್ಗ ಎಷ್ಟು, ಹಣ್ಣು ಎಷ್ಟು, ಟೇಪ್ ಎಷ್ಟು, ಚಾಕುವೇ ಬೇಡದೆ ಸ್ಕ್ರೂಡ್ರೈವರ್ ಬೇಕಾದದ್ದು ಎಷ್ಟು. ಮುಂದಿನ ಸೋಮವಾರ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

---

ಒಂದೇ_ಕೈ

ನಾನು ಫ್ಲಿಪ್ಪರ್ ಪಕ್ಷ. ಏಣಿಯ ಮೇಲೆ ನಿಂತು ಎಡಗೈಯಲ್ಲಿ ಕೇಬಲ್ ಹಿಡಿದಿರುವಾಗ ಉಗುರು ಹಾಕಿ ಅಲಗು ಎಳೆಯಲು ಇನ್ನೊಂದು ಕೈ ಎಲ್ಲಿಂದ ತರುವುದು? ಕೇಬಲ್ ಕೆಲಸದಲ್ಲಿ ನನಗೆ ಇದು ದಿನಕ್ಕೆ ಇಪ್ಪತ್ತು ಸಲ ಬರುತ್ತದೆ. ಲಾಕ್ ಇಲ್ಲದ ಚಾಕುವಿನ ಮೊನೆಯಿಂದ ಏನನ್ನಾದರೂ ಚುಚ್ಚುವಾಗ ಅದು ಬೆರಳ ಮೇಲೆ ಮಡಚಿಕೊಂಡರೆ ಏನಾಗುತ್ತದೆ ಅಂತ ನನ್ನ ತೋರುಬೆರಳಿನ ಗಾಯದ ಗುರುತು ಹೇಳುತ್ತದೆ, ನಾಲ್ಕು ಹೊಲಿಗೆ.

ಆದರೆ ಯಾವುದೇ ಲಾಕ್ ತಗೊಂಡರೂ ಮೊದಲು ಪರೀಕ್ಷೆ ಮಾಡಿ. ಪೂರ್ತಿ ತೆರೆದು, ಬೆರಳು ದಾರಿಯಲ್ಲಿಲ್ಲದ ಹಾಗೆ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಿ. ಬಡಿಯಬೇಡಿ, ಒತ್ತಿದರೆ ಸಾಕು. ಲೈನರ್ ಜಾರಿದರೆ ವಾಪಸ್ ಕಳಿಸಿ. ಅಲಗು ಅತ್ತಿತ್ತ ಅಲ್ಲಾಡಬಾರದು. ಮುಚ್ಚಿದಾಗ ನಡುವೆ ಕೂತಿರಬೇಕು. ತಲೆಕೆಳಗೆ ಹಿಡಿದು ಕೊಡವಿದರೆ ತಾನಾಗಿ ತೆರೆದುಕೊಳ್ಳಬಾರದು, ಜೇಬಿನಲ್ಲಿ ಇಡುವವರಿಗೆ ಇದು ಬಹಳ ಮುಖ್ಯ.

ತುಕ್ಕಿನ ಮಾತು ಒಪ್ಪುತ್ತೇನೆ. ಡಿ2 ಬಿಟ್ಟು 14ಸಿ28ಎನ್ ಸ್ಟೀಲಿನದ್ದು ನೋಡಿ. ಸ್ಟೇನ್‌ಲೆಸ್, ಕಲ್ಲಿಗೆ ಸುಲಭವಾಗಿ ಬರುತ್ತದೆ.

---

ಥೇಮ್ಸ್_ತೀರದ_ಗೌಡ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ, ಹಾಸನದ ಕಡೆಯವನು. ನೀವು ವಿಮಾನದ ಮಾತು ತೆಗೆದಿರಿ, ಅದಕ್ಕೆ ಸೇರಿಸುತ್ತೇನೆ: ಮುಂದೆ ಆಫೀಸಿನವರು ಹೊರದೇಶಕ್ಕೆ ಕಳಿಸುವ ಸಾಧ್ಯತೆ ಇದ್ದರೆ ಲಾಕ್ ವಿಷಯ ಈಗಲೇ ಯೋಚಿಸಿ.

ಇಲ್ಲಿ ಕಾರಣ ಕೊಡದೆ ಹೊರಗೆ ಇಟ್ಟುಕೊಂಡು ಓಡಾಡಬಹುದಾದ ಚಾಕು ಒಂದೇ ಬಗೆಯದ್ದು. ಮಡಚುವಂಥದ್ದಾಗಿರಬೇಕು, ಲಾಕ್ ಇರಬಾರದು, ಕೊಯ್ಯುವ ಅಂಚು 3 ಇಂಚು ಮೀರಬಾರದು, ಅಂದರೆ 7.62 ಸೆಂಟಿಮೀಟರ್. 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್. ಒಪಿನೆಲ್ ನಂಬರ್ 8ರ ಅಲಗು 8.5 ಸೆಂಟಿಮೀಟರ್, ಮೇಲೆ ಅಲಗನ್ನು ಲಾಕ್ ಮಾಡಲು ತಿರುಗಿಸುವ ಬಳೆಯೂ ಇದೆ. ಎರಡು ಲೆಕ್ಕದಲ್ಲೂ ಹೊರಗೆ. ಅಮೆರಿಕದ ಚಾಕು ಕಂಪನಿ ಸ್ಪೈಡರ್ಕೊದವರು ಲಾಕ್ ಇಲ್ಲದ ಯುಕೆಪಿಕೆ ಅಂತ ಒಂದು ಚಾಕು ಮಾಡಿದ್ದೇ ಈ ಕಾನೂನನ್ನು ನೋಡಿಕೊಂಡು. ಪಯೊನೀರ್ ಇಲ್ಲಿ ನಿರಾಳವಾಗಿ ನಡೆಯುತ್ತದೆ, ನನ್ನ ಜೇಬಿನಲ್ಲಿರುವುದೂ ಅದೇ. ಜರ್ಮನಿಗೆ ಹೋದರೆ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕು ಇಟ್ಟುಕೊಳ್ಳಲು ಅಲ್ಲೂ ತಕರಾರು.

ನಮ್ಮ ಭಾರತದಲ್ಲಿ 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು. ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕೆ ಮಾಡಿದ್ದನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮ ಮೂರೂ ಆ ಅಳತೆಗೆ ಎಷ್ಟೋ ದೂರ. ಆದರೆ ಮೆಟ್ರೊ, ಮಾಲ್ ಬಾಗಿಲಲ್ಲಿ ಯಾರೂ ಇಂಚುಪಟ್ಟಿ ಹಿಡಿದು ನಿಂತಿರುವುದಿಲ್ಲ. ಅವರು ಬೇಡ ಅಂದರೆ ಬೇಡ. ಅಲ್ಲಿ ಓಪನರ್ ಇರುವ ಸ್ವಿಸ್ ಚಾಕು ನೋಡುವ ಕಣ್ಣೇ ಬೇರೆ, ಕಪ್ಪು ಅಲಗು ಟಪ್ಪಂತ ಚಿಮ್ಮುವುದನ್ನು ನೋಡುವ ಕಣ್ಣೇ ಬೇರೆ. ಆಫೀಸಿನಲ್ಲೂ ಅಷ್ಟೇ. ಪಕ್ಕದವರ ಹುಟ್ಟುಹಬ್ಬದ ಕೇಕ್ ಕತ್ತರಿಸಲು ನೀವು ಯಾವುದನ್ನು ಸಂಕೋಚವಿಲ್ಲದೆ ಜೇಬಿನಿಂದ ತೆಗೆಯುತ್ತೀರಿ, ಅದನ್ನು ತಗೊಳ್ಳಿ.

---

ಶಿರಸಿ_ತೋಟದಮನೆ

ತಮ್ಮಾ, ಕಾರ್ಬನ್ ಒಪಿನೆಲ್ಲನ್ನು ಮಲೆನಾಡಿನಲ್ಲಿ ದಿನಾ ಬಳಸುವವಳು ನಾನು, ಆರು ವರ್ಷವಾಯಿತು. ಹಾಗಾಗಿ ಸುಮ್ನೆ ಕೇಳಿದ ಮಾತಲ್ಲ, ಕೈಯಲ್ಲಿ ಕಂಡದ್ದು ಹೇಳುತ್ತೇನೆ.

ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಕಾರಣ ನಮ್ಮ ಅಜ್ಜ. ಅವರ ಕವಳದ ಸಂಚಿಯಲ್ಲಿ ಅಡಿಕೆ ಹೋಳು ಮಾಡಲು ಒಂದು ಸಣ್ಣ ಚೂರಿ ಇರುತ್ತಿತ್ತು. ಊರಿನ ಆಚಾರಿ ಕುಲುಮೆಯಲ್ಲಿ ಬಡಿದು ಮಾಡಿದ್ದು. ಅಡಿಕೆಯ ಚೊಗರಿಗೆ ಆ ಅಲಗು ಕಪ್ಪಗೆ, ನೀಲಿ ಮಿಶ್ರದ ಕಪ್ಪಗೆ ತಿರುಗಿತ್ತು. ಅಂಚು ಮಾತ್ರ ಬೆಳ್ಳಿಗೆರೆಯ ಹಾಗೆ ಹೊಳೆಯುತ್ತಿತ್ತು. ನನ್ನ ಒಪಿನೆಲ್ ಈಗ ಅದೇ ಬಣ್ಣಕ್ಕೆ ಬಂದಿದೆ. ಈ ಕಪ್ಪು ಕೆಟ್ಟದ್ದಲ್ಲ, ಕೆಂಪು ತುಕ್ಕನ್ನು ಅದು ಸ್ವಲ್ಪ ತಡೆಯುತ್ತದೆ. ಪೂರ್ತಿ ತಡೆಯುತ್ತದೆ ಅಂತ ನಂಬಬೇಡಿ.

ಈಗ ಕಷ್ಟದ ಮಾತು. ಅಪ್ಪೆಮಿಡಿ ಕಾಲದಲ್ಲಿ ತೊಟ್ಟು ಕೊಯ್ಯುವಾಗ ಸೊನೆ ತಾಗುತ್ತದಲ್ಲ, ಒರೆಸದೆ ಬಿಟ್ಟರೆ ಆ ಜಾಗ ಕಚ್ಚಿಕೊಂಡು ಬಿಡುತ್ತದೆ. ನಿಂಬೆಹಣ್ಣು, ಹುಳಿ ಮಾವು ಕೊಯ್ದರೆ ಮೊದಮೊದಲು ಹೋಳಿಗೆ ಕಬ್ಬಿಣದ ರುಚಿ ಹತ್ತುತ್ತದೆ. ಹಿಡಿ ಬೀಚ್ ಮರದ್ದು. ಮರ ನೀರು ಕುಡಿದರೆ ಉಬ್ಬುವುದು ಸಹಜ, ಆಗ ಅಲಗು ಹಿಡಿಯೊಳಗೆ ಬಿಗಿಯಾಗಿ ಕೂರುತ್ತದೆ, ಉಗುರಿಗೆ ಬರುವುದಿಲ್ಲ. ಫ್ರಾನ್ಸಿನ ಸವಾಯ್ ಬೆಟ್ಟದವರು ಹಿಡಿಯ ಹಿಂದಿನ ತುದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟಿ ಅಲಗನ್ನು ಹೊರಗೆ ತರುತ್ತಾರೆ. ಈ ಚಾಕು 1890ರಲ್ಲಿ ಹುಟ್ಟಿದ್ದು ಅಲ್ಲೇ. ಬಳೆ ಬಂದದ್ದು 1955ರಲ್ಲಿ. ನಾನೂ ಮಳೆಗಾಲ ಪೂರ್ತಿ ಹಾಗೇ ಕುಟ್ಟುತ್ತೇನೆ, ಅಂಗಳದ ಕಟ್ಟೆಗೆ.

ಇದೆಲ್ಲ ಮನೆಯಲ್ಲಿರುವವಳಿಗೆ ಆಗುತ್ತದೆ. ಕೊಯ್ದ ತಕ್ಷಣ ಸೆರಗಿಗೆ ಒರೆಸುತ್ತೇನೆ, ಸಂಜೆ ಒಲೆಯ ಹತ್ತಿರ ಇಡುತ್ತೇನೆ. ವಾರಕ್ಕೆ ಎರಡು ದಿನ ಬಂದು ಒದ್ದೆ ಪ್ಯಾಂಟಿನಲ್ಲೇ ಬಸ್ಸು ಹತ್ತುವವರಿಗೆ ಕಾರ್ಬನ್ ಸ್ಟೀಲ್ ಬೇಡ ಅಂತ ನನ್ನ ಅಭಿಪ್ರಾಯ. ಒಪಿನೆಲ್ಲೇ ಬೇಕಾದರೆ ಸ್ಟೇನ್‌ಲೆಸ್ ತಗೊಳ್ಳಿ, ಅದರಲ್ಲಿ 12ಸಿ27 ಸ್ಟೀಲ್ ಹಾಕುತ್ತಾರೆ, ಅಲಗು ಅಷ್ಟೇ ತೆಳು.

ಹಲಸಿನ ಹಣ್ಣನ್ನು ಮಾತ್ರ ಯಾವ ಮಡಚುವ ಚಾಕುವಿನಲ್ಲೂ ಬಿಡಿಸಬೇಡಿ. ಮೇಣ ಕೀಲಿನೊಳಗೆ ಇಳಿದರೆ ತೆಗೆಯಲು ಆಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿದ ಕತ್ತಿಯೇ ಸರಿ. ಕಸಿ ಕಟ್ಟುವ ಕೆಲಸಕ್ಕೂ ಬೇರೆ ಚಾಕು ಇಡಿ. ಪಾರ್ಸಲ್ ಟೇಪಿನ ಅಂಟು ಹತ್ತಿದ ಅಲಗಿನಿಂದ ಗಿಡ ಕೊಯ್ಯಬಾರದು.

---

ಶನಿವಾರದ_ಬಸ್ಸು

ಎಲ್ಲರಿಗೂ ಥ್ಯಾಂಕ್ಸ್. ಮಸೆಗಲ್ಲು ಸರ್ ಹೇಳಿದ ಹಾಗೆ ಚೀಟಿ ಇಟ್ಟೆ. ಏಳು ದಿನದ ಲೆಕ್ಕ ಇದು.

ಪಾರ್ಸಲ್ ಟೇಪು ಒಂಬತ್ತು ಸಲ. ಕಿತ್ತಳೆ, ಪೇರಳೆ, ಸೌತೆಕಾಯಿ ಎಲ್ಲ ಸೇರಿ ಏಳು. ಹೊಸ ಅಂಗಿಯ ಪ್ಲಾಸ್ಟಿಕ್ ದಾರ ಒಂದು. ಸ್ಕ್ರೂ ಐದು ಸಲ, ಇದು ನಾನು ಎಣಿಸಿಯೇ ಇರಲಿಲ್ಲ: ರೂಮಿನ ಸ್ವಿಚ್ ಬೋರ್ಡು, ಅಮ್ಮನ ಮಿಕ್ಸಿಯ ಅಡಿ, ಬೈಕಿನ ನಂಬರ್ ಪ್ಲೇಟು, ಇನ್ನೆರಡು ಮರೆತೆ. ತೋಟದಲ್ಲಿ ಡ್ರಿಪ್ ಪೈಪು ಮೂರು ಕಡೆ, ಕಾಳುಮೆಣಸಿನ ಬಳ್ಳಿ ಕಟ್ಟಲು ಹಗ್ಗ ಸುಮಾರು ಇಪ್ಪತ್ತು ತುಂಡು, ಊಟಕ್ಕೆ ಬಾಳೆಎಲೆ ನಾಲ್ಕು. ಪೈಪಿಗೆ ತೂತು ಮಾಡಲು ಮೊಳೆ ಹುಡುಕಿದ್ದು ಒಂದು ಸಲ.

ಇಷ್ಟರಲ್ಲಿ ಒಂದು ಕೈ ಖಾಲಿ ಇಲ್ಲದೆ ಪರದಾಡಿದ್ದು ಒಂದೇ ಸಲ, ಬಳ್ಳಿ ಕಟ್ಟುವಾಗ. ಹಗ್ಗವನ್ನು ಮೊದಲೇ ತುಂಡು ಮಾಡಿಟ್ಟುಕೊಂಡರೆ ಅದೂ ಮುಗಿಯಿತು. ಒಂದೇ_ಕೈ ಅವರೇ, ನಿಮ್ಮ ಮಾತು ನಿಮ್ಮ ಕೆಲಸಕ್ಕೆ ಪೂರ್ತಿ ಸರಿ, ಆದರೆ ನನ್ನ ಚೀಟಿಯಲ್ಲಿ ಏಣಿ ಇಲ್ಲ. ಚೀಟಿಯಲ್ಲಿರುವುದೆಲ್ಲ ಪಯೊನೀರಿನಲ್ಲಿದೆ. ದೊಡ್ಡ ಅಲಗು, ಎರಡು ಬಗೆಯ ಸ್ಕ್ರೂಡ್ರೈವರ್, ಪೈಪಿಗೆ ತೂತು ಹಾಕಲು ದಬ್ಬಣದಂಥದ್ದು. ಸ್ವಿಸ್ ಸೈನಿಕರಿಗೆ 1961ರಿಂದ 2008ರವರೆಗೆ ಕೊಡುತ್ತಿದ್ದ ಚಾಕುವೂ ಇದೇ ಜಾತಿಯದ್ದು ಅಂತ ಓದಿದ ಮೇಲೆ ಮಳೆಯ ಭಯವೂ ಹೋಯಿತು. ನಿನ್ನೆ ರಾತ್ರಿ ಆರ್ಡರ್ ಮಾಡಿದೆ. ಗುರುವಾರ ಬರುತ್ತದೆ.

ಅಕ್ಕಾ, ನಿಮ್ಮ ಅಜ್ಜನ ಚೂರಿಯ ಫೋಟೋ ಇದ್ದರೆ ಹಾಕುತ್ತೀರಾ? ಅದನ್ನು ಓದಿದ ಮೇಲೆ ನಮ್ಮ ಅಟ್ಟದಲ್ಲಿ ಹುಡುಕಿದೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾತ್ರ ಸಿಕ್ಕಿತು.

ಕೊನೆಯ ಪ್ರಶ್ನೆ. ಮಾವನ ಚಾಕುವನ್ನು ಯಾವಾಗಲೂ ಸಾಣೆ ಹಿಡಿಯುವವನ ಹತ್ತಿರ ಕೊಡುತ್ತಿದ್ದೆ, ಪ್ರತಿ ಸಲವೂ ಅಲಗು ಸಣ್ಣದಾಗಿ ಬರುತ್ತಿತ್ತು. ಈ ಸಲ ನಾನೇ ಮಸೆಯಬೇಕು. ಹೇಗೆ ಶುರು ಮಾಡಲಿ?

---

ಮಸೆಗಲ್ಲು_ಶಿವಮೊಗ್ಗ

ಚೀಟಿ ನೋಡಿ ಖುಷಿಯಾಯಿತು. ಸ್ಕ್ರೂ ಐದು ಸಲ ಅಂತ ಬರೆಯದೆ ಇದ್ದಿದ್ದರೆ ನಾನೇ ಸ್ಟೇನ್‌ಲೆಸ್ ಒಪಿನೆಲ್ ಅಂತ ಹೇಳುತ್ತಿದ್ದೆ.

ಯಂತ್ರದ ಸಾಣೆಚಕ್ರಕ್ಕೆ ಇನ್ನು ಕೊಡಬೇಡಿ. ಚಕ್ರ ಜಾಸ್ತಿ ಲೋಹ ತಿನ್ನುತ್ತದೆ. ಕಿಡಿ ಹಾರುವಷ್ಟು ಬಿಸಿಯಾದರೆ ತೆಳುವಾದ ಅಂಚಿನ ಹದವೇ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಎರಡೇ ದಿನಕ್ಕೆ ಮೊಂಡು.

1000 ಗ್ರಿಟ್ಟಿನ (ಗ್ರಿಟ್ ಅಂದರೆ ಕಲ್ಲಿನ ಕಣ ಎಷ್ಟು ನುಣುಪು ಅನ್ನುವ ಅಳತೆ) ಒಂದು ನೀರುಗಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಸಾಕು. ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ಇಡಿ, ಜಾರುವುದಿಲ್ಲ. ಅಂಚಿನ ಉದ್ದಕ್ಕೂ ಎರಡೂ ಕಡೆ ಕಪ್ಪು ಮಾರ್ಕರ್ ಬಳಿಯಿರಿ. ಒಂದೊಂದು ಕಡೆ 15ರಿಂದ 20 ಡಿಗ್ರಿ ಓರೆ ಹಿಡಿದು ಎರಡು ಸಲ ಎಳೆದು ನೋಡಿ. ಮಸಿ ಅಂಚಿನವರೆಗೆ ಅಳಿಸಿಹೋಗಿದ್ದರೆ ಓರೆ ಸರಿ ಇದೆ. ಮೇಲೆ ಮಾತ್ರ ಹೋಗಿ ಅಂಚಿನಲ್ಲಿ ಕಪ್ಪು ಗೆರೆ ಉಳಿದಿದ್ದರೆ ಬೆನ್ನನ್ನು ಒಂದು ಕೂದಲೆಳೆ ಎತ್ತಿ. ಹೀಗೇ ಒಂದೇ ಕಡೆ ಮಸೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಆಚೆ ಬದಿಯಲ್ಲಿ ಸಣ್ಣ ತರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಜಾರಿಸಿದರೆ ಉಗುರಿನ ಪಕ್ಕದ ಚರ್ಮಕ್ಕೆ ಗರಗರ ಅಂತ ಸಿಗುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ, ಕೊಯ್ಯುತ್ತದೆ. ಬುಡದಿಂದ ಮೊನೆಯವರೆಗೆ ಆ ತರಿ ಸಿಗುವ ತನಕ ಪಕ್ಕ ಬದಲಿಸಬೇಡಿ. ಹೊಸಬರಲ್ಲಿ ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ, ತರಿ ಏಳುವ ಮೊದಲೇ ತಿರುಗಿಸಿಬಿಡುತ್ತಾರೆ. ಇನ್ನೊಂದು ಪಕ್ಕವೂ ಹಾಗೆ ಆದ ಮೇಲೆ ಕೈ ಹಗುರ ಮಾಡಿ ಒಂದೊಂದು ಸಲ ಅತ್ತ ಇತ್ತ ಎಳೆಯಿರಿ, ಆಮೇಲೆ ಹಳೇ ಚರ್ಮದ ಬೆಲ್ಟಿನ ಒಳಬದಿಗೆ ಹಿಂದಕ್ಕೆ ಎಳೆದರೆ ಉಳಿದ ತರಿ ಉದುರುತ್ತದೆ. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದು ನೋಡಿ. ಎಲ್ಲಿ ಹರಿಯಿತೋ ಆ ಜಾಗದಲ್ಲಿ ಕೆಲಸ ಬಾಕಿ ಇದೆ.

ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದ ಹಾಗೆ ಅಂಟಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಒಂದು ಹನಿ ಸಾಕು, ಹಣ್ಣು ಕೊಯ್ಯುವ ಚಾಕುವಿಗೆ ಅದೇ ಒಳ್ಳೆಯದು.

ಗುರುವಾರ ಬಂದ ತಕ್ಷಣ ಕಲ್ಲಿಗೆ ಹಚ್ಚಬೇಡಿ. ಕಾರ್ಖಾನೆಯ ಅಂಚು ಒಂದೆರಡು ತಿಂಗಳು ಸುಖವಾಗಿ ಬರುತ್ತದೆ. ಅಷ್ಟರಲ್ಲಿ ಅಡುಗೆಮನೆಯ ಹಳೇ ಚಾಕು ಹಿಡಿದು ಕೈ ಪಳಗಿಸಿಕೊಳ್ಳಿ. ಶನಿವಾರ ಶಿವಮೊಗ್ಗದಲ್ಲಿ ಬಸ್ಸು ಬದಲಿಸುವುದಾದರೆ ತಿಳಿಸಿ, ಕಲ್ಲು ತಂದು ತೋರಿಸುತ್ತೇನೆ.